ಇಸ್ತ್ರಿ ಪೆಟ್ಟಿಗೆ ಜಾರಲಿಲ್ಲ

ಅಕ್ಕ ತಂಗಿ ಇಬ್ಬರೂ ಆಸ್ಪತ್ರೆಯ ನನ್ನ ಕೋಣೆಗೆ ಬಂದ ಮೊದಲ ದಿನ, ಇಟ್ಟಿದ್ದ ಕುರ್ಚಿಗಳನ್ನು ಎಳೆದುಕೊಂಡು ಹೋಗಿ ಒಬ್ಬಳು ಈ ಗೋಡೆಗೆ, ಇನ್ನೊಬ್ಬಳು ಆ ಗೋಡೆಗೆ ಕುಳಿತರು. ನಡುವೆ ನಾನು. ಇಪ್ಪತ್ತೆರಡು ವರ್ಷದಿಂದ ಮನಸ್ಸಿನ ಚಿಕಿತ್ಸೆಯನ್ನೇ ಕಸುಬು ಮಾಡಿಕೊಂಡವಳಿಗೆ ಮುಖ ಗಂಟಿಕ್ಕಿಕೊಂಡು ಬರುವವರು ಹೊಸಬರಲ್ಲ. ಆದರೆ ಇವರನ್ನು ಕಂಡ ಹತ್ತು ನಿಮಿಷಕ್ಕೇ ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಮುಚ್ಚಿಟ್ಟು ಪ್ರಯೋಜನವಿಲ್ಲ.

ಅಪ್ಪ ಬಿಟ್ಟುಹೋದ ಲಾಂಡ್ರಿ ಅಂಗಡಿಯನ್ನು ಇಬ್ಬರೂ ಸೇರಿ ನಡೆಸುತ್ತಿದ್ದರು. ಒಗೆತ, ಕಲೆ ತೆಗೆಯುವುದು, ಗಿರಾಕಿಗಳ ಜೊತೆ ಮಾತು ಅಕ್ಕನದು. ಹಿಂದಿನ ಕೋಣೆಯ ಇಸ್ತ್ರಿ ಮೇಜು ತಂಗಿಯದು. ನಾಲ್ಕು ವರ್ಷದಿಂದ ಒಬ್ಬರಿಗೊಬ್ಬರು ಒಂದು ಮಾತು ಆಡಿರಲಿಲ್ಲ. ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದು ಬಟ್ಟೆಗೆ ಪಿನ್ನು ಹಾಕುತ್ತಿದ್ದರು. 'ಕಾಲರಿನ ಕಲೆ ಹಾಗೇ ಇದೆ, ಕಣ್ಣಿದ್ದವರು ನೋಡಬಹುದು' ಎಂದು ತಂಗಿ. 'ಮಡಿಕೆ ಹಾಕಲು ಬಾರದವರಿಗೆ ಕಲೆಯ ವಿಚಾರ ಯಾಕೆ' ಎಂದು ಅಕ್ಕ. ಒಮ್ಮೆ ಯಾರೋ ವಕೀಲರ ಕೋಟಿನ ಜೊತೆ 'ನಿನ್ನ ಮುಖ ನೋಡಿದರೆ ಊಟ ಸೇರುವುದಿಲ್ಲ' ಎಂಬ ಚೀಟಿಯೂ ಹೋಗಿ, ಅವರು ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ನನ್ನ ಹತ್ತಿರ ಬರಲು ಕಾರಣ ಮಾತ್ರ ಚೀಟಿಯಲ್ಲ. ಮೂರು ವಾರದ ಹಿಂದೆ ತಂಗಿಯ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ಅಕ್ಕನ ಮುಂಗೈಯನ್ನು ಸುಟ್ಟಿತ್ತು. ಜಾರಿತು ಎಂದಳು ತಂಗಿ. ಜಾರಿದ ಪೆಟ್ಟಿಗೆ ಅಷ್ಟು ಹೊತ್ತು ಚರ್ಮದ ಮೇಲೆ ಕೂರುವುದಿಲ್ಲ ಎಂದು ಅಕ್ಕನ ಗಂಡನಿಗೆ ಅನುಮಾನ. ಆತ ಬಸ್ಸಿನ ಡ್ರೈವರು, ಮಾತು ಕಮ್ಮಿ. "ಇಬ್ರೂ ಡಾಕ್ಟ್ರ ಹತ್ರ ಹೋಗ್ತೀರೋ, ನಾನು ಪೊಲೀಸ್ ಸ್ಟೇಷನ್ನಿಗೆ ಹೋಗ್ಲೋ" ಎಂದಷ್ಟೇ ಕೇಳಿದ್ದ.

ಮೊದಲೆರಡು ವಾರ ನಾನು ಟಪಾಲು ಪೆಟ್ಟಿಗೆಯಾದೆ. "ಅವರಿಗೆ ಹೇಳಿ ಮೇಡಂ, ನನ್ನ ಕಡೆ ಹಾಗೆ ನೋಡ್ಬಾರ್ದು ಅಂತ" ಎಂದು ಅಕ್ಕ. "ನೋಡೋ ಮುಖ ಇದ್ರೆ ತಾನೇ ನೋಡೋದು ಅಂತ ಹೇಳಿ" ಎಂದು ತಂಗಿ. ಮೂರನೆಯ ವಾರ ತಂಗಿ, ಗೋಡೆಯನ್ನೇ ನೋಡುತ್ತ, ತಾಯಿಯ ವಿಷಯ ತೆಗೆದಳು.

ನಾಲ್ಕು ವರ್ಷದ ಹಿಂದೆ ತಾಯಿ ಎಂಟು ತಿಂಗಳು ಹಾಸಿಗೆ ಹಿಡಿದು ಅಕ್ಕನ ಮನೆಯಲ್ಲಿದ್ದಳು. ಕೊನೆಗೆ ಎರಡು ದಿನದ ಮಟ್ಟಿಗೆ ತಂಗಿ ಗೆಳತಿಯನ್ನು ನೋಡಲು ಬೇರೆ ಊರಿಗೆ ಹೋಗಿದ್ದಳು. ಮೊದಲ ದಿನ ಸಂಜೆ ಫೋನು ಮಾಡಿ ಅಮ್ಮ ಹೇಗಿದ್ದಾಳೆ ಎಂದು ಕೇಳಿದಾಗ ಅಕ್ಕ, "ಆರಾಮಾಗಿದ್ದಾಳೆ, ನೀನು ನಿಧಾನವಾಗಿ ಬಾ" ಎಂದಿದ್ದಳು. ಮರುದಿನ ಮಧ್ಯಾಹ್ನ ತಾಯಿ ಹೋದಳು.

"ನಾನು ಫೋನ್ ಮಾಡಿದ ದಿನ ಬೆಳಗ್ಗೆನೇ ಡಾಕ್ಟ್ರು ಅವಳಿಗೆ ಹೇಳಿದ್ರಂತೆ, ಇನ್ನೊಂದಿನ ಕಷ್ಟ ಅಂತ. ನಂಗೆ ಆಮೇಲೆ ನರ್ಸಮ್ಮ ಹೇಳಿದ್ದು" ಎಂದಳು ತಂಗಿ.

ಅಕ್ಕ ಕೈಚೀಲದ ಜಿಪ್ಪನ್ನು ಎಳೆಯುತ್ತ ಮುಚ್ಚುತ್ತ ಕುಳಿತಿದ್ದಳು.

ನಾಲ್ಕನೆಯ ವಾರ ನಾನೇ ಕೇಳಿದೆ. ಇನ್ನೊಂದೆರಡು ವಾರ ಕಾಯಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಆ ಜಿಪ್ಪಿನ ಸದ್ದು ನನ್ನ ತಾಳ್ಮೆಯನ್ನು ತಿಂದುಹಾಕಿತ್ತು. "ನಿಮಗೆ ಗೊತ್ತಿತ್ತಾ?" ಎಂದೆ.

"ಗೊತ್ತಿತ್ತು" ಎಂದಳು ಅಕ್ಕ. ನಾಲ್ಕು ವರ್ಷದಲ್ಲಿ ಮೊದಲ ಸಲ ನೇರವಾಗಿ ತಂಗಿಯ ಕಡೆ ತಿರುಗಿದಳು. "ಗೊತ್ತಿದ್ದೇ ನಿಧಾನವಾಗಿ ಬಾ ಅಂದೆ. ಎಂಟು ತಿಂಗಳು ಅವಳ ಹೇಲು ಉಚ್ಚೆ ಬಾಚಿದ್ದು ನಾನು. ಕಣ್ಣು ಬಿಟ್ರೆ ಸಾಕು, ಚಿಕ್ಕೋಳು ಎಲ್ಲಿ, ಚಿಕ್ಕೋಳು ಬಂದ್ಲಾ. ನೀನು ವಾರಕ್ಕೊಂದು ಸಲ ಬಂದು ತಲೆ ಬಾಚಿ ಹೋಗ್ತಿದ್ದೆ, ಅದನ್ನೇ ಊರಿಗೆಲ್ಲ ಹೇಳ್ಕೊಂಡು ಕೊಂಡಾಡ್ತಿದ್ಲು. ಕೊನೇ ದಿನ ಒಂದಾದ್ರೂ ನಂದಾಗ್ಲಿ ಅಂದ್ಕೊಂಡೆ."

"ಆಯ್ತಾ ನಿಂದು?"

"ಇಲ್ಲ. ಆವತ್ತೂ ನಿನ್ನೇ ಕೇಳಿದ್ಲು."

ತಂಗಿ ಸೀರೆ ಬಣ್ಣದ ಬಗ್ಗೆ ಹೇಳುವವಳ ಹಾಗೆ ತಣ್ಣಗೆ ಹೇಳಿದಳು: "ಇಸ್ತ್ರಿ ಪೆಟ್ಟಿಗೆ ಜಾರ್ಲಿಲ್ಲ. ಒತ್ತಿ ಹಿಡಿದೆ. ನೀನು ಕೂಗೋವರೆಗೂ ತೆಗೀಬಾರ್ದು ಅಂತಿತ್ತು."

"ಗೊತ್ತು" ಎಂದಳು ಅಕ್ಕ. "ಅದಕ್ಕೇ ಕೂಗ್ಲಿಲ್ಲ."

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ನನಗೆ ಒಳಗೊಳಗೇ ಗೆದ್ದ ಹೆಮ್ಮೆ. ಹುದುಗಿದ್ದ ಕೀವು ಹೊರಗೆ ಬಂತು, ಇನ್ನು ಗಾಯ ಮಾಯಲೇಬೇಕು ಎಂಬ ಲೆಕ್ಕಾಚಾರ. ದನಿಯನ್ನು ಮೆದುಮಾಡಿಕೊಂಡು ಹೇಳಿದೆ: "ನೋಡಿ, ಇಬ್ಬರದೂ ಒಂದೇ ನೋವು. ಇಬ್ಬರಿಗೂ ಬೇಕಾಗಿದ್ದು ಅಮ್ಮನ ಪ್ರೀತಿ."

ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು.

"ಒಂದೇ ಅಂದ್ರೆ ಏನ್ರೀ?" ಎಂದಳು ಅಕ್ಕ. "ನಾನು ಬಾಚಿದ್ದೂ ಅವಳು ತಲೆ ಬಾಚಿದ್ದೂ ಒಂದೇನಾ?"

"ನಿಮ್ಮನೇಲಿ ಯಾರಾದ್ರೂ ಹೀಗೆ ಸತ್ತಿದ್ದಾರಾ?" ಎಂದಳು ತಂಗಿ. "ಇಲ್ಲಾಂದ್ರೆ ಸುಮ್ನೆ ಕೂತ್ಕೊಳ್ಳಿ. ಅವಳನ್ನ ಬೈಯೋಕೆ ನಾನಿದ್ದೀನಿ, ನನ್ನ ಬೈಯೋಕೆ ಅವಳಿದ್ದಾಳೆ. ನೀವು ಯಾವ ದೊಣ್ಣೆ ನಾಯಕಿ?"

ನಾನೂ ಮನುಷ್ಯಳೇ. "ಹಾಗಾದ್ರೆ ನಾಲ್ಕು ವಾರದಿಂದ ನನ್ನ ತಲೆ ತಿನ್ನೋಕೆ ಬಂದ್ರಾ?" ಎಂದುಬಿಟ್ಟೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡು ಫಲವೇನು. ಇಬ್ಬರೂ ಎದ್ದು, ಬಾಗಿಲನ್ನು ಗೋಡೆಗೆ ಅಪ್ಪಳಿಸಿ ಹೋದರು.

ಹತ್ತು ದಿನಕ್ಕೆ ಆಸ್ಪತ್ರೆಯ ಮೇಲಧಿಕಾರಿ ಕರೆಸಿ ಒಂದು ದೂರಿನ ಪತ್ರವನ್ನು ಮುಂದಿಟ್ಟರು. ನಾನು ರೋಗಿಗಳನ್ನು ಹೀಯಾಳಿಸಿದೆನೆಂದು ಅಕ್ಕನ ದುಂಡಕ್ಷರದಲ್ಲಿತ್ತು. ಕೆಳಗೆ ಇಬ್ಬರ ಸಹಿ. ನಾಲ್ಕು ವರ್ಷದಲ್ಲಿ ಇಬ್ಬರೂ ಒಪ್ಪಿದ ಒಂದೇ ವಿಷಯ ನಾನು ಅಯೋಗ್ಯಳು ಎಂಬುದು. ನಗು ಬಂತು, ಆದರೆ ನಗಲಾಗಲಿಲ್ಲ. ತಪ್ಪೊಪ್ಪಿಕೊಂಡು ಬರೆದುಕೊಟ್ಟೆ. ನನ್ನ ಕಡತಕ್ಕೆ ಎಚ್ಚರಿಕೆಯ ಪತ್ರವೊಂದು ಸೇರಿತು.

ತಿಂಗಳುಗಟ್ಟಲೆ ಅವರನ್ನು ದ್ವೇಷಿಸಿದೆ. ಬೇರೆಯವರ ಕಥೆ ಕೇಳುತ್ತಿರುವಾಗಲೂ ಆ ಇಬ್ಬರಿಗೆ ಕೊಡಬೇಕಿದ್ದ ಖಾರದ ಉತ್ತರಗಳು ಮನಸ್ಸಿನಲ್ಲಿ ತಯಾರಾಗುತ್ತಿದ್ದವು. ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರಿದ್ದಾರೆ, ಈಗ ಎಂಬತ್ತರ ಮೇಲೆ. ಅವರ ಮನೆಗೆ ಹೋಗಿ ಎಲ್ಲ ಹೇಳಿಕೊಂಡೆ. ಅವರು ನನ್ನ ಪರ ಒಂದು ಮಾತೂ ಆಡಲಿಲ್ಲ.

"ಅವರು ಪರಸ್ಪರ ದ್ವೇಷಿಸಿದ್ದಕ್ಕಾ ನಿನಗೆ ಸಿಟ್ಟು, ನಿನ್ನ ಉಪಕಾರ ಸ್ಮರಣೆ ಮಾಡ್ಲಿಲ್ಲ ಅಂತಲಾ?"

ಉತ್ತರ ಗೊತ್ತಿತ್ತು, ಹೇಳಲು ನಾಚಿಕೆಯಾಯಿತು.

"ದ್ವೇಷ ಅವರ ಮನೆ ಸಾಮಾನು ಕಣೆ" ಎಂದರು. "ಎಲ್ಲಿಡಬೇಕು ಅಂತ ಅವರೇ ನೋಡ್ಕೊಳ್ತಾರೆ. ನೀನು ಹೋಗಿ ಅದರ ಹೆಸರನ್ನ ಪ್ರೀತಿ ಅಂತ ಬದಲಾಯಿಸೋಕೆ ಕೂತೆ."

ಏಳು ತಿಂಗಳ ಮೇಲೆ, ಒಂದು ಬೆಳಗ್ಗೆ ತಂಗಿ ಒಬ್ಬಳೇ ಬಂದಳು. ಬೇರೆ ವೈದ್ಯರ ಹತ್ತಿರ ಕಳಿಸಲೇ ಎಂದು ಕೇಳಿದೆ. ಬೇಡವೆಂದಳು. ಅಂಗಡಿ ಎರಡಾಗಿತ್ತು, ಹಿಂದಿನ ಕೋಣೆಗೆ ಬೀದಿ ಕಡೆಯಿಂದ ಬಾಗಿಲು ಒಡೆಸಿಕೊಂಡು ಅವಳು ಬರೀ ಇಸ್ತ್ರಿ ಇಟ್ಟುಕೊಂಡಿದ್ದಳು. ಚೀಟಿ ನಿಂತಿತ್ತು. ಈಗ ಗೋಡೆಯ ಎರಡೂ ಕಡೆಯಿಂದ ಬಾಯಿಬಿಟ್ಟು ಜಗಳವಂತೆ, ಬೀದಿಯವರಿಗೆಲ್ಲ ಕೇಳುವ ಹಾಗೆ. ಭಾವ ಮಾತ್ರ ರಜಾದಿನದಲ್ಲೂ ಬಸ್ಸು ಓಡಿಸಲು ಹೋಗುತ್ತಾನೆ ಎಂದಳು.

"ಯಾಕೆ ಬಂದ್ರಿ?" ಎಂದು ಕೇಳಿದೆ.

"ನೀವಂದ್ರೆ ನಂಗೆ ಆಗಲ್ಲ" ಎಂದಳು. "ಅದಕ್ಕೇ ಬಂದೆ. ಬೇರೆ ಯಾರಿಗಾದ್ರೂ ಹೇಳಿದ್ರೆ ಅವ್ರು ಕಣ್ಣೀರು ಹಾಕಿ ನನ್ನ ಕೈ ಹಿಡ್ಕೊಳ್ತಾರೆ." ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ನಾಳೆ ಅವಳು ಸತ್ರೂ ನಾನು ಹೋಗಲ್ಲ. ಮುಖ ನೋಡಲ್ಲ. ಇದನ್ನ ಒಬ್ರ ಮುಂದಾದ್ರೂ ಹೇಳ್ಬೇಕಿತ್ತು."

ಒಳ್ಳೆಯ ಮಾತುಗಳು ಎಷ್ಟೋ ಗಂಟಲಿನವರೆಗೆ ಬಂದವು. ಮನಸ್ಸು ಬದಲಾಗುತ್ತದೆ, ರಕ್ತಸಂಬಂಧ, ಹಾಗೆಲ್ಲ ಅನ್ನಬಾರದು. ಅಷ್ಟನ್ನೂ ನುಂಗಿದೆ.

"ಸರಿ" ಎಂದೆ.

"ಸರಿ ಅಂದ್ರೆ?"

"ಹೋಗಲ್ಲ ಅಂದ್ರಿ. ಕೇಳಿಸಿಕೊಂಡೆ."

ಅವಳು ನನ್ನನ್ನು ಅನುಮಾನದಿಂದ ನೋಡಿದಳು, ಮುಂದೇನೋ ಉಪದೇಶ ಬರಲಿದೆ ಎಂಬಂತೆ. ಬರಲಿಲ್ಲ. ಆಮೇಲೆ ಅವಳು ಕುರ್ಚಿಗೆ ಬೆನ್ನು ಕೊಟ್ಟು, ಮುಕ್ಕಾಲು ಗಂಟೆ ಅಕ್ಕನನ್ನು ಬೈದಳು. ಒಂದು ಮಾತೂ ಮೆದುವಾಗಲಿಲ್ಲ. ಹೊರಡುವಾಗ ಮುಂದಿನ ಬುಧವಾರ ಹನ್ನೊಂದಕ್ಕೆ ಹೆಸರು ಬರೆಸಿ ಹೋದಳು.