ಅಲ್ಲಾಡಿದ್ದು ಯಾರು

೧
ಇದನ್ನು ಎಲ್ಲಿಂದ ಶುರುಮಾಡಲಿ? ಫೋಟೋಗ್ರಾಫರ್ ಕಂಪ್ಯೂಟರ್ ಮುಂದೆ ತಲೆ ತಗ್ಗಿಸಿ ಕೂತಿದ್ದಾನೆ ಅಂತಲೋ, ಅವನು ಸುಳ್ಳು ಹೇಳಿದ ಅಂತಲೋ? (ಎರಡನೆಯದೇ ಸರಿ. ಆದರೆ ಆಸಾಮಿ ನನ್ನ ಪಕ್ಕದಲ್ಲೇ ನಿಂತು, ಬರೆದದ್ದನ್ನೆಲ್ಲ ಓದುತ್ತಿದ್ದಾನೆ, ನನಗೇ ಮುಜುಗರ.)

೨
ನಡೆದದ್ದು ಇಷ್ಟು. ಹೊಲಿಗೆ ಕಾರ್ಖಾನೆಯ ಅರವತ್ತು ಜನರ ಉದ್ದನೆಯ ಗ್ರೂಪ್ ಫೋಟೋ. ಕ್ಯಾಮೆರಾವನ್ನು ನಿಂತಲ್ಲೇ ತಿರುಗಿಸುತ್ತ ಐದು ಚಿತ್ರ ತೆಗೆದು, ಸಾಫ್ಟ್‌ವೇರಿನಲ್ಲಿ ಒಂದಕ್ಕೊಂದು ಜೋಡಿಸಬೇಕು. ಮೂರನೆಯದರ ಹೊತ್ತಿಗೆ, ಹಿಂದಿನ ಸಾಲಿನ ಮ್ಯಾನೇಜರ್ ಮುಖಕ್ಕೆ ಕಂಬ ಅಡ್ಡ ಬಂತು. ಇವನು ಕ್ಯಾಮೆರಾದ ಸ್ಟ್ಯಾಂಡ್ ಎತ್ತಿ ಎರಡು ಹೆಜ್ಜೆ ಪಕ್ಕಕ್ಕಿಟ್ಟ.

ಅಲ್ಲೇ ಕಂಪ್ಯೂಟರಿನಲ್ಲಿ ಜೋಡಿಸಿದಾಗ ದೂರದ ಗೋಡೆ ಚೆನ್ನಾಗಿ ಕೂಡಿಕೊಂಡಿತು. ಮುಂದಿನ ಸಾಲಿನಲ್ಲಿದ್ದ, ಗುಂಡಿ ಹೊಲಿಯುವ ಅಕ್ಕನಿಗೆ ಮಾತ್ರ ಎರಡು ಮೂಗು, ಮೂರು ಕಣ್ಣು. ಪರದೆಯ ಮೇಲೆ ಅದನ್ನು ನೋಡಿ ಎಲ್ಲರೂ ಬಿದ್ದು ಬಿದ್ದು ನಕ್ಕರು.

"ನಾನೇನ್ ಮಾಡ್ಲಿ? ಅಕ್ಕ ಅಲ್ಲಾಡ್ಬಿಟ್ರು," ಎಂದ ಇವನು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

"ಅಯ್ಯೋ, ನಾನು ಉಸಿರೂ ಬಿಟ್ಟಿಲ್ಲಪ್ಪ!"

ಮ್ಯಾನೇಜರ್ ಮಾತ್ರ ನಗಲಿಲ್ಲ. "ಕೈ ಏನಾದ್ರೂ ನಡುಗುತ್ತೇನಮ್ಮಾ?" ಎಂದ. ಮರುದಿನವೇ ಅವಳನ್ನು ಗುಂಡಿಯ ಮೇಜಿನಿಂದ ಎಬ್ಬಿಸಿ ಕಸ ಗುಡಿಸಲು ಹಾಕಿದರು. ಹತ್ತೊಂಬತ್ತು ವರ್ಷ ಕೂತಿದ್ದ ಮೇಜು ಅದು.

೩ (ಹರಿದು ಹಾಕಿದ್ದು)
ಮೊದಲ ಕರಡಿನಲ್ಲಿ ಅಕ್ಕನ ಕೈ ನಿಜವಾಗಿಯೂ ನಡುಗುತ್ತಿತ್ತು. ಇವನ ತಪ್ಪು ಒಂದಿಷ್ಟು ಹಗುರವಾಗಲಿ ಅಂತ ನಾನೇ ನಡುಗಿಸಿದ್ದೆ. "ಓಹೋ, ನೀನೂ ಅವನ ಜೊತೆ ಸೇರ್ಕೊಂಡ್ಯಾ?" ಎಂದಳು ಅಕ್ಕ. ನಾಚಿಕೆಯಾಯಿತು.

೪
ವಾರದ ಮೇಲೆ ಚಿತ್ರ ಸರಿಮಾಡಲು ಕೂತ. ಕ್ಯಾಮೆರಾ ಎಷ್ಟು ಜರುಗಿದೆ ಎಂದು ತೋರಿಸಲೆಂದೇ ಸಾಫ್ಟ್‌ವೇರಿನಲ್ಲಿ ಒಂದು ಖಾನೆ ಇದೆ. ಮೊದಲೆರಡು ಚಿತ್ರಕ್ಕೆ ಸೊನ್ನೆ. ಮೂರನೆಯದರಿಂದ ಸೊನ್ನೆಯಿಲ್ಲ. ಗೋಡೆಗೆ ಹೊಂದಿಸಿದರೆ ಅಕ್ಕ ಇಬ್ಬರಾಗುತ್ತಾಳೆ. ಅಕ್ಕನಿಗೆ ಹೊಂದಿಸಿದರೆ ಗೋಡೆ ಬಿರಿದು ಮ್ಯಾನೇಜರಿಗೆ ಎರಡು ತಲೆ. (ಮೂಗಿನ ಮುಂದೆ ಬೆರಳು ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ನೋಡಿ, ಓದುಗರೇ. ಬೆರಳು ಜಿಗಿಯುತ್ತದೆ, ಗೋಡೆ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಬೆರಳು ಅಲ್ಲಾಡಿತೇ?)

"ಇದನ್ನೆಲ್ಲ ಯಾಕ್ ಬರೀತೀರ ಸಾರ್? ಮರ್ಯಾದೆ ಹೋಗುತ್ತೆ."

"ಅವತ್ತೇ ಗೊತ್ತಿರ್ಲಿಲ್ವೇನೋ ನಿಂಗೆ?"

"ಗೊತ್ತಿತ್ತು." ನೆಲ ನೋಡಿದ. "ಬಾಯಿಗೆ ಬಂದ್ಬಿಡ್ತು."

೫
ಮುಕ್ತಾಯ ಒಂದು: ಹೊಸ ಫೋಟೋ ತೆಗೆದುಕೊಡುತ್ತಾನೆ. (ಥೂ! ಅದರಿಂದ ಅಕ್ಕನಿಗೆ ಮೇಜು ವಾಪಸ್ ಸಿಗುತ್ತದೆಯೇ?)

ಮುಕ್ತಾಯ ಎರಡು: ಗೇಟಿನ ಹೊರಗೆ ಅಕ್ಕನೊಬ್ಬಳನ್ನೇ ಕಾಣುತ್ತಾನೆ. "ಅಕ್ಕಾ, ಅಲ್ಲಾಡಿದ್ದು ನಾನು. ಹೊಟ್ಟೆಗೆ ಹಾಕ್ಕೊಳ್ಳಿ."

ಅಕ್ಕ ಕ್ಷಮಿಸಿದಳು ಎಂದು ಬರೆಯಹೊರಟೆ. ಹ್ಯಾಪಿ ಎಂಡಿಂಗ್! ಅವಳು ಬಿಡಲಿಲ್ಲ.

"ನಂಗ್ಯಾಕಪ್ಪ ಹೇಳ್ತೀಯ? ನಂಗೆ ಗೊತ್ತಿಲ್ವಾ? ಅರವತ್ತು ಜನರ ಮುಂದೆ ಅಂದಿದ್ದೆ ನೀನು. ಹೋಗು, ಅಷ್ಟೇ ಜನರ ಮುಂದೆ ಹೇಳು."

೬
ಈಗ ಅವನು ಕಾರ್ಖಾನೆಯ ಒಳಗಿದ್ದಾನೆ. ಮೆಷಿನ್‌ಗಳು ಒಂದೊಂದಾಗಿ ನಿಂತವು. "ಏನ್ರೀ ಸಮಾಚಾರ?" ಎಂದ ಮ್ಯಾನೇಜರ್. ಇವನು ಮೆಷಿನ್‌ಗಳ ನಡುವೆ ಬಂದು ನಿಂತ.

"ಸಾರ್," ಎಂದು ನನ್ನತ್ತ ತಿರುಗಿದ, "ಹೇಳಿದ ಅಂತ ನೀವೇ ಬರೆದ್ಬಿಡಿ."

ಆಗದಪ್ಪ. ನಾನು ಬರೆದರೆ ನೀನು ಹೇಳಿದ ಹಾಗಾಗುವುದಿಲ್ಲ.

ಅರವತ್ತು ಜನ ಕಾಯುತ್ತಿದ್ದಾರೆ. ಅಕ್ಕ ಪೊರಕೆಯನ್ನು ಇನ್ನೂ ಕೆಳಗಿಟ್ಟಿಲ್ಲ.