ಬಚ್ಚಲ ಬಾಗಿಲಲ್ಲಿ ಅತ್ತೆ

ಬಾಡಿಗೆ ಕೋಣೆಯಲ್ಲಿ ನಮ್ಮತ್ತೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಪಾಯಿಖಾನೆ ಮೆಟ್ಟಿಲಿಳಿದು ಅಂಗಳದಾಚೆ. ಕಾಲು ಸೋತ ಮೇಲೆ ನಾನೂ ನನ್ನ ಗಂಡನೂ ಅವರನ್ನು ಹೊತ್ತೇ ಇಳಿಸಬೇಕು. ನಾವಿಬ್ಬರೂ ಆಸ್ಪತ್ರೆಯ ಬಟ್ಟೆ ಒಗೆಯುವವರು. ಹೊರುವುದು ನಮಗೆ ಹೊಸದಲ್ಲ. ಹೊರಿಸಿಕೊಳ್ಳುವುದು ಅವರಿಗೆ ಸಾವು.

“ಹೆಣಾನ ಒಂದೇ ಸಲ ಹೊರ್ತಾರೆ ಕಣೇ. ನನ್ನನ್ನ ದಿನಾ ಹೊರ್ತೀರಿ,” ಎನ್ನುತ್ತಿದ್ದರು.

ಅವರು ಕೇಳಿದ್ದು ಅರಮನೆಯಲ್ಲ. ಗಾಲಿಕುರ್ಚಿಯನ್ನು ತಾವೇ ತಳ್ಳಿಕೊಂಡು, ಪಾಯಿಖಾನೆಯೂ ಒಳಗೇ ಇರುವ ಬಚ್ಚಲಿಗೆ ಒಬ್ಬರೇ ಹೋಗಬೇಕು, ಬಾಗಿಲು ಹಾಕಿಕೊಳ್ಳಬೇಕು, ಅಷ್ಟೆ. ಅದಕ್ಕೇ ಊರಾಚೆಯ ಮರದ ಸಾಲುಮನೆಗಳಲ್ಲಿ ಒಂದನ್ನು ಕಟ್ಟಿಸಲು ಕೊಟ್ಟೆವು. ಕಂಟ್ರಾಕ್ಟರನಿಗೆ ಕುರ್ಚಿಯನ್ನೇ ತೋರಿಸಿ, “ಬಚ್ಚಲ ಬಾಗಿಲಲ್ಲಿ ಇದು ಹೋಗ್ಬೇಕು,” ಎಂದಿದ್ದೆ. “ಆಯ್ತಮ್ಮಾ,” ಎಂದಿದ್ದ. ಯಾವುದಕ್ಕೂ ಇಲ್ಲ ಎಂದವನಲ್ಲ ಪುಣ್ಯಾತ್ಮ. ಸಾಲಿನವರೆಲ್ಲ ಅವನಿಗೆ ಆಯ್ತಪ್ಪ ಎಂದೇ ಹೆಸರಿಟ್ಟಿದ್ದರು.

ರಜೆಯ ದಿನ ಅತ್ತೆಯನ್ನು ಕರೆದುಕೊಂಡು ಮನೆ ನೋಡಲು ಹೋದೆ. ಗೋಡೆಗಳು ಇನ್ನೂ ಬರೀ ಮರದ ಚೌಕಟ್ಟು, ಹಲಗೆ ಹೊಡೆದಿರಲಿಲ್ಲ. ಅಡುಗೆಮನೆಯಲ್ಲಿ ನಿಂತರೆ ಬಚ್ಚಲು ಕಾಣುತ್ತಿತ್ತು, ಬಚ್ಚಲಲ್ಲಿ ನಿಂತರೆ ಪಕ್ಕದ ಮನೆಯ ಬಚ್ಚಲು. ಅತ್ತೆ ಮಿಕ್ಕಿದ್ದೊಂದನ್ನೂ ನೋಡದೆ ನೇರ ಬಚ್ಚಲಿಗೇ ಕುರ್ಚಿ ಬಿಟ್ಟರು. ಟಕ್ ಎಂದಿತು. ಇನ್ನೊಮ್ಮೆ ರಭಸದಿಂದ ತಳ್ಳಿದರು. ಬಾಗಿಲಿನ ಎರಡು ಕಂಬಗಳ ನಡುವೆ ಕುರ್ಚಿ ಕಚ್ಚಿಕೊಂಡಿತು.

ಕಂಟ್ರಾಕ್ಟರ್ ಓಡಿಬಂದ.

“ಸಣ್ಣ ವಿಷಯ ಅಮ್ಮಾ. ಮಧ್ಯಾಹ್ನ ಹಲಗೆ ಹೊಡೀತೀವಿ. ಬಣ್ಣ ಬಂದ್ರೆ ಎಲ್ಲ ಸರಿಹೋಗುತ್ತೆ.”

“ಬಣ್ಣ ಬಳಿದ್ರೆ ಬಾಗಿಲು ಅಗಲ ಆಗುತ್ತಾ?” ಎಂದೆ.

“ಇಡೀ ಸಾಲಿಗೆ ಒಂದೇ ಅಳತೆ ಬಾಗಿಲು ತಂದಾಗಿದೆ. ನೀವೇ ಒಂದು ಸಣ್ಣ ಕುರ್ಚಿ ತಗೊಳ್ಳಿ.”

“ತಗೋಬಹುದಪ್ಪ,” ಎಂದರು ಅತ್ತೆ. “ನನ್ನ ಕುಂಡಿ ಎಲ್ಲಿಡ್ಲಿ?”

ಬಡಗಿಗಳು ಕಿಸಕ್ಕೆಂದರು. ಕಂಟ್ರಾಕ್ಟರ್ ನನ್ನ ಕಿವಿಯ ಹತ್ತಿರ ಬಂದು, “ಇನ್ನೆಷ್ಟು ದಿನ ಇರ್ತಾರೆ ಅಂತ ಇವರಿಗೋಸ್ಕರ ಗೋಡೆ ಬಿಚ್ಚೋದು?” ಎಂದ.

ಅತ್ತೆಗೆ ಸೋತಿದ್ದದ್ದು ಕಾಲು, ಕಿವಿಯಲ್ಲ.

“ನೀನು ಕಟ್ಟಿದ ಮನೆಗಿಂತ ಜಾಸ್ತಿ ದಿನ ಇರ್ತೀನಿ ಕಣೋ! ಈ ಕಂಬ ಸರಿಯೋವರೆಗೂ ನಾನು ಸರಿಯಲ್ಲ.”

“ಹಿಂದಕ್ಕೆ ಎಳ್ಕೊಳ್ಳಮ್ಮ ಇವರನ್ನ,” ಎಂದು ನನಗೆ ಗದರಿದ.

ನಾನು ಬಗ್ಗಿ ಕುರ್ಚಿಯ ಬ್ರೇಕ್ ಹಾಕಿದೆ.

ಆಗ ಕಂಟ್ರಾಕ್ಟರ್ ಹಿರಿಯ ಬಡಗಿಯನ್ನು ಕೂಗಿದ. ಬಡಗಿ ಬಂದು ಕಂಬವನ್ನೂ ಕುರ್ಚಿಯನ್ನೂ ನೋಡಿದ.

“ಈಗ್ಲೇ ಆದ್ರೆ ಸುಲಭ ಸಾಹೇಬ್ರೆ. ಕಂಬ ಸರಿಸಿ, ಭಾರ ಹೊರೋಕೆ ಮೇಲೊಂದು ಉದ್ದ ತೊಲೆ ಕೊಟ್ರೆ ಮುಗೀತು. ಹಲಗೆ ಹೊಡೆದ್ಮೇಲೆ ಗೋಡೇನೇ ಒಡೀಬೇಕು.”

“ಮೊದಲೇ ಯಾಕೆ ಬೊಗಳ್ಲಿಲ್ಲ?”

“ಬೊಗಳಿದ್ದೆ. ನೀವು ಆಯ್ತು ಅಂದ್ರಿ.”

“ನಾಳೆಯಿಂದ ಕೆಲಸಕ್ಕೆ ಬರ್ಬೇಡ!”

“ನಾಳೆ ತಾನೆ? ಇವತ್ತು ಇದ್ದೀನಲ್ಲ,” ಎನ್ನುತ್ತ ಬಡಗಿ ಮೊಳೆ ಕೀಳುವ ಕಬ್ಬಿಣ ಕೈಗೆತ್ತಿಕೊಂಡ.

“ಹಿಡ್ಕೊಳ್ರೋ ಅವನನ್ನ!” ಎಂದು ಕಂಟ್ರಾಕ್ಟರ್ ಕಿರುಚಿದ.

ಉಳಿದ ಬಡಗಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಎದ್ದ. ಅವನ ಹಿಂದೆ ಎಲ್ಲರೂ ಎದ್ದರು. ಹೋಗಿ, ಕಂಬ ತೆಗೆದಾಗ ಸೂರು ಕುಸಿಯದಂತೆ ಕೊಡಬೇಕಾದ ಆಸರೆಗಂಬವನ್ನು ಹಿಡಿದುಕೊಂಡರು.

ಪಕ್ಕದ ಮನೆಯ ಚೌಕಟ್ಟಿನೊಳಗಿಂದ ಬಸ್ ಡ್ರೈವರನ ಹೆಂಡತಿ ಇಣುಕಿದಳು. ತುಂಬು ಬಸುರಿ.

“ಅಣ್ಣಾ, ಅದು ಮುಗಿಸ್ಕೊಂಡು ನಮ್ಮ ಕಡೆಗೂ ಬಾ. ನಾನೂ ದಿನದಿನಾ ಅಗಲ ಆಗ್ತಾ ಇದ್ದೀನಿ!”

“ಪೊಲೀಸ್‌ನೋರನ್ನ ಕರೀತೀನಿ,” ಎಂದ ಕಂಟ್ರಾಕ್ಟರ್.

“ಕರ್ಕೊಂಡು ಬಾರಪ್ಪ,” ಎಂದರು ಅತ್ತೆ. “ಅವರ ಹೊಟ್ಟೇನೂ ಈ ಬಾಗಿಲಲ್ಲಿ ಹೋಗಲ್ಲ, ಅವರೇ ನೋಡ್ಲಿ.”

ಮೊಳೆಗಳು ಕೀರಲು ದನಿಯಲ್ಲಿ ಒಂದೊಂದಾಗಿ ಹೊರಬಂದವು. ಕಂಬ ಕಳಚಿತು. ನಾನು ಬ್ರೇಕ್ ತೆಗೆದು ಕುರ್ಚಿ ತಳ್ಳಲು ಹೋದೆ.

“ಕೈ ತೆಗಿ,” ಎಂದರು ಅತ್ತೆ.

ತಾವೇ ಗಾಲಿ ತಿರುಗಿಸಿಕೊಂಡು ಒಳಗೆ ಹೋದರು. ಅಲ್ಲಿ ನಲ್ಲಿಯಿಲ್ಲ, ನೀರಿಲ್ಲ, ಗೋಡೆಯೂ ಇಲ್ಲ. ನಾಲ್ಕೂ ದಿಕ್ಕಿಗೆ ಕಾಣುತ್ತಿದ್ದರು. ನಡುಮಧ್ಯೆ ಕುರ್ಚಿ ತಿರುಗಿಸಿ ನಮ್ಮನ್ನೆಲ್ಲ ದುರುಗುಟ್ಟಿ ನೋಡಿದರು.

“ಬಾಗಿಲು ಹಾಕ್ಕೊಂಡಿದ್ದೀನಿ. ಹೆಂಗಸು ಒಳಗಿದ್ದಾಳೆ ಅಂತ ನಾಚಿಕೆ ಬೇಡ್ವಾ? ಆ ಕಡೆ ತಿರುಗ್ರೋ!”

ಬಡಗಿಗಳು ತಿರುಗಿದರು. ನಾನೂ ತಿರುಗಿದೆ. ಡ್ರೈವರನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಲೇ ತಿರುಗಿದಳು. ಕಂಟ್ರಾಕ್ಟರ್ ಒಬ್ಬನೇ ಬಾಯಿ ಬಿಟ್ಟುಕೊಂಡು ನಿಂತಿದ್ದ.

“ನಿನಗೂ ಹೇಳಿದ್ದು,” ಎಂದರು ಅತ್ತೆ, ಒಳಗಿನಿಂದ.

ಅವನೂ ತಿರುಗಿದ.