ಶರಾವತಿ ನುಂಗಿದ ಚುರುಕಿನ ಮಾತ್ರೆ

ಜ್ವರ ಬಿಟ್ಟರೂ ಸುಸ್ತು ಬಿಡುವುದಿಲ್ಲ. ಇದು ಯಾವ ಮನೆಗೆ ಗೊತ್ತಿಲ್ಲ? ಹೊಸನಗರದ ಮಹಿಳಾ ಸಮಾಜದಲ್ಲಿ ಹೊಲಿಗೆ ಕಲಿಸುವ ಶರಾವತಿಗೂ ಹಾಗೇ ಆಯಿತು. ವಿಷಮಶೀತ ಜ್ವರದಿಂದ ಎದ್ದ ಮೇಲೆ ಹೊಲಿಗೆ ಮಿಷನ್ ತುಳಿಯಲು ಅವಳಿಗೆ ಕಾಲೇ ಬರುತ್ತಿರಲಿಲ್ಲ. ಸಾಗರದ ಡಾಕ್ಟರೊಬ್ಬರು ಮೈಗೆ ಚುರುಕು ತರುವ ಚಿಕ್ಕ ಬಿಳಿ ಮಾತ್ರೆ ಬರೆದುಕೊಟ್ಟರು. "ಬೆಳಿಗ್ಗೆ ಅರ್ಧ, ಎರಡೇ ವಾರ. ಆಮೇಲೆ ಬಂದು ತೋರಿಸಿ" ಎಂದರು.

ಮಾತ್ರೆ ನುಂಗಿದ ದಿನವೇ ಶರಾವತಿ ಓಡಾಡಿಕೊಂಡು ಕೆಲಸ ಮಾಡಿದಳು. ಎರಡು ವಾರ ಕಳೆದರೂ ತೋರಿಸಲು ಹೋಗಲಿಲ್ಲ. ಮಾತ್ರೆ ಇಲ್ಲದೆ ಏಳಲಾಗದು ಎನಿಸಿ ಸಾಗರದ ಔಷಧಿ ಅಂಗಡಿಯಲ್ಲಿ ಕೇಳಿ ತಂದಳು. ಅಲ್ಲಿ ಕೊಡುವುದಿಲ್ಲ ಎಂದಾಗ ತೀರ್ಥಹಳ್ಳಿಯ ಬಸ್ಸು ಹತ್ತಿದಳು. ಅರ್ಧ ಇದ್ದದ್ದು ಒಂದಾಯಿತು, ಒಂದು ನಾಲ್ಕಾಯಿತು. ಊಟ ಸೇರದು, ನಿದ್ದೆ ಬಾರದು, ಎದೆ ಸದಾ ಡವಡವ. ರವಿಕೆ ಹೆಗಲಿಂದ ಜಾರುವಷ್ಟು ಇಳಿದುಹೋದಳು.

ಆಮೇಲೆ ಹೆದರಿಕೆ ಹೊಕ್ಕಿತು.

"ಗಂಜಿಗೆ ಏನೋ ಹಾಕಿದೀರಿ" ಎಂದು ಗಂಡ ಪುಟ್ಟಪ್ಪನ ಎದುರು ತಟ್ಟೆ ದೂಡಿದಳು. ಕಿಟಕಿಗಳಿಗೆಲ್ಲ ಬಟ್ಟೆ ಕಟ್ಟಿದಳು. "ಹೊರಗೆ ನಿಂತು ಕೇಳಿಸ್ಕೊಳ್ತಿದಾರೆ" ಎಂದು ಪಿಸುಗುಟ್ಟಿದಳು. ಹೊರಗೆ ಯಾರೂ ಇರಲಿಲ್ಲ.

"ಇದು ಗಾಳಿ ಸೋಕಿದ್ದೇ, ಪುಟ್ಟಪ್ಪ. ಮಂತ್ರ ಹಾಕ್ಸು" ಎಂದರು ಪಕ್ಕದ ಮನೆ ವೆಂಕಮ್ಮ.

ಒಂದು ಮಧ್ಯಾಹ್ನ ಶರಾವತಿ ಬಟ್ಟೆ ಕತ್ತರಿಸುತ್ತಿದ್ದಳು. ಶಾಲೆಯಿಂದ ಬಂದ ಮಗಳು ವರದಾ ಹಿಂದಿನಿಂದ ಅಪ್ಪಿಕೊಂಡಳು. ಶರಾವತಿ ಕಿರುಚಿ ತಿರುಗಿದಳು. ಕತ್ತರಿಯ ಮೊನೆ ಮಗುವಿನ ತೋಳನ್ನು ಗೀರಿತು.

"ಅಮ್ಮಾ, ನಾನು! ನಾನು ವರದಾ!"

ಶರಾವತಿ ಗುರುತೇ ಇಲ್ಲದವಳಂತೆ ಮಗಳನ್ನು ದಿಟ್ಟಿಸಿದಳು. ಕತ್ತರಿ ಕೈಯಲ್ಲೇ ಇತ್ತು. ಒಳಗಿಂದ ಓಡಿಬಂದ ಪುಟ್ಟಪ್ಪ ಅದನ್ನು ಕಿತ್ತುಕೊಂಡ.

ಸಮಾಜದಲ್ಲಿ ಜೊತೆಗೆ ಕಲಿಸುವ ವನಮಾಲಾ ಕೂಗು ಕೇಳಿ ದಾರಿಯಿಂದ ಒಳಬಂದಳು. ಮಗುವಿನ ತೋಳಿಗೆ ಬಟ್ಟೆ ಕಟ್ಟುವಾಗ ಮಿಷನ್ನಿನ ಪಕ್ಕದಲ್ಲಿದ್ದ ಮಾತ್ರೆ ಕಂಡಳು.

"ಎಂತ ಇದು? ಎಷ್ಟು ದಿನದಿಂದ ತಗೊಳ್ತಿದಾಳೆ?"

"ಡಾಕ್ಟ್ರೇ ಕೊಟ್ಟಿದ್ದಲ್ವಾ?" ಎಂದ ಪುಟ್ಟಪ್ಪ. "ಔಷಧಿಯಿಂದ ಯಾರಿಗಾದ್ರೂ ಹೀಗಾಗ್ತದಾ?"

"ಆಗ್ತದೆ. ನನ್ನ ತಮ್ಮ ಹೇರಂಬ ಪರೀಕ್ಷೆಗೆ ಓದ್ಲಿಕ್ಕೆ ಅಂತ ಇಂಥದ್ದನ್ನೇ ನುಂಗ್ತಿದ್ದ. ಕಡೆಗೆ ಹುಳ ಹರೀತದೆ ಅಂತ ಮೈಯೆಲ್ಲ ಕೆರ್ಕೊಂಡ. ಮಂತ್ರ ಗಿಂತ್ರ ಬೇಡ. ಇವತ್ತೇ ಆಸ್ಪತ್ರೆಗೆ ಹೊರಡಿ."

ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು ಶರಾವತಿಯ ನಾಡಿ ಹಿಡಿದು ನೋಡಿದರು. "ಇವರು ಕೆಟ್ಟವರಲ್ಲ, ಹುಚ್ಚೂ ಅಲ್ಲ. ಮಾತ್ರೆ ಚಟವಾಗಿದೆ. ಇದೂ ಒಂದು ಕಾಯಿಲೆ, ವಾಸಿಯಾಗ್ತದೆ. ಮಾತ್ರೆ ನಿಂತಾಗ ಮನಸ್ಸು ತೀರಾ ಕುಗ್ಗಿಹೋಗ್ತದೆ. ಆಗ ಮಾತ್ರ ಒಂಟಿಯಾಗಿ ಬಿಡ್ಬೇಡಿ."

ಶರಾವತಿಯನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡು ಮಾತ್ರೆ ನಿಲ್ಲಿಸಿದರು. ಅವರು ಹೇಳಿದಂತೆಯೇ ಆಯಿತು. ಮೊದಲು ಬರೀ ನಿದ್ದೆ, ಎದ್ದರೆ ವಿಪರೀತ ಹಸಿವು. ಆಮೇಲೆ ಶರಾವತಿ ಗೋಡೆಗೆ ಮುಖ ಮಾಡಿ ಮಲಗಿದಳು. "ನಾನು ಸತ್ರೆ ವರದಾಗೆ ಒಳ್ಳೇದು" ಎಂದಳು.

ಪುಟ್ಟಪ್ಪ ಡಾಕ್ಟರ ಬಳಿಗೆ ಓಡಿದ. "ಒಂದೇ ಒಂದು ಮಾತ್ರೆ ಕೊಟ್ಬಿಡಿ ಡಾಕ್ಟ್ರೇ. ಹೀಗೆ ನೋಡೋಕಾಗಲ್ಲ."

"ಆ ಒಂದೇ ಮತ್ತೆ ನಾಲ್ಕಾಗ್ತದೆ. ನೀವು ಅವರ ಕೈ ಹಿಡ್ಕೊಂಡು ಕೂತ್ಕೊಳ್ಳಿ."

ಪುಟ್ಟಪ್ಪ ಕೂತ. ಅವನಿಗೆ ಸಾಕಾದಾಗ ವನಮಾಲಾ ಕೂತಳು. ಗಾಳಿ ಎಂದಿದ್ದ ವೆಂಕಮ್ಮನೂ ಬುತ್ತಿ ಕಟ್ಟಿಕೊಂಡು ಬಂದರು.

ಶರಾವತಿ ಮನೆಗೆ ಮರಳಿದಾಗ ವರದಾ ಬಾಗಿಲ ಹಿಂದೆ ನಿಂತಳು. ತಾಯಿ ಬಡಿಸಿದರೆ ತಟ್ಟೆ ಎತ್ತಿಕೊಂಡು ದೂರ ಹೋಗುತ್ತಿದ್ದಳು. ಶರಾವತಿ ಬಲವಂತ ಮಾಡಲಿಲ್ಲ. ಬಹಳ ದಿನದ ಮೇಲೆ ಒಂದು ಬೆಳಿಗ್ಗೆ ಹುಡುಗಿ ಬಾಚಣಿಗೆ ತಂದು, ತಾಯಿಗೆ ಬೆನ್ನು ಕೊಟ್ಟು ಕೂತಳು. "ಜಡೆ ಹಾಕು" ಎಂದಳು. ಶರಾವತಿ ಮೆಲ್ಲಗೆ ಬಾಚಿ ಹೆಣೆದಳು. ಜಡೆ ಸೊಟ್ಟಗಾಯಿತು. ಹುಡುಗಿ ಅದೇ ಜಡೆಯಲ್ಲಿ ಶಾಲೆಗೆ ಹೋದಳು.

ಈಗಲೂ ಸುಸ್ತಾದ ದಿನ ಶರಾವತಿಗೆ ಮಾತ್ರೆ ನೆನಪಾಗುತ್ತದೆ. ಆಗ ಮುಚ್ಚಿಡದೆ ಗಂಡನಿಗೆ ಹೇಳುತ್ತಾಳೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಡಾಕ್ಟರು ಹೇಳಿದ ಅಳತೆ ಮೀರಿ ಮಾತ್ರೆ ನುಂಗಬೇಡಿ. ಒಬ್ಬರಿಗೆ ಬರೆದುಕೊಟ್ಟದ್ದನ್ನು ಇನ್ನೊಬ್ಬರು ತಿನ್ನಬೇಡಿ. ನಿಮ್ಮ ಮನೆಯಲ್ಲಿ ಯಾರಾದರೂ ನಿದ್ದೆ, ಊಟ ಬಿಟ್ಟು, ಮಾತ್ರೆ ಬಚ್ಚಿಟ್ಟು, ಸುಮ್ಮಸುಮ್ಮನೆ ಹೆದರುತ್ತಿದ್ದಾರೆಯೇ? ಬೈಯಬೇಡಿ, ನಾಚಬೇಡಿ. ಇಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ಅವರ ಜೊತೆಯಲ್ಲೇ ಇರಿ.